ಟೆಂಟ್ ಹಾಕಿಕೊಂಡು ಕ್ರಾಕುಫ್ ಸುತ್ತುವ ಗೆಳೆಯರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಲೆಂಡಿನ ದಕ್ಷಿಣದಲ್ಲಿ, ವಿಸ್ಟುಲಾ ನದಿಯ ದಡದಲ್ಲಿರುವ ಈ ಊರನ್ನು ಇಂಗ್ಲಿಷಿನವರು ಕ್ರಾಕೋ ಎಂದರೆ ಊರಿನವರು ಕ್ರಾಕುಫ್ ಎನ್ನುತ್ತಾರೆ. ಬೆಂಗಳೂರು, ಮೈಸೂರಿನಿಂದ ಹೊರಡುವವರು, ಜರ್ಮನಿಯಲ್ಲಿ ಓದುತ್ತ ಕೆಲಸ ಮಾಡುತ್ತ ವಾರದ ರಜೆಗೆ ಬರುವವರು ಇಬ್ಬರನ್ನೂ ನೆನಪಿನಲ್ಲಿಟ್ಟು ಉತ್ತರ ಬರೆದಿದ್ದೇವೆ.

ನಗರ ನೋಡಲು ಹೋಗುವವರಿಗೆ ಟೆಂಟ್ ಯಾಕೆ? ಹಾಸ್ಟೆಲ್ ಸಾಲದೇ?

ಇಬ್ಬರೇ ಆದರೆ ಹಾಸ್ಟೆಲ್ ಸಾಕು. ನಾಲ್ಕರಿಂದ ಎಂಟು ಜನರ ಗುಂಪಿಗೆ ಲೆಕ್ಕ ಬದಲಾಗುತ್ತದೆ. ಇಲ್ಲಿನ ಶಿಬಿರಗಳು (ಕ್ಯಾಂಪ್‌ಸೈಟ್) ತಲೆಗಿಷ್ಟು, ಟೆಂಟಿಗಿಷ್ಟು, ಕಾರಿಗಿಷ್ಟು, ವಿದ್ಯುತ್ತಿಗಿಷ್ಟು ಎಂದು ಬೇರೆ ಬೇರೆ ಹಣ ಹಿಡಿಯುತ್ತವೆ. ಎರಡು ದೊಡ್ಡ ಟೆಂಟಿನಲ್ಲಿ ಆರು ಜನ ಮಲಗಿದರೆ ತಲೆವಾರು ಖರ್ಚು ಇಳಿಯುತ್ತದೆ. ಒಂದೊಂದು ಟೆಂಟಿನಲ್ಲಿ ಒಬ್ಬೊಬ್ಬರು ಮಲಗಿದರೆ ಉಳಿತಾಯವೇನೂ ಇಲ್ಲ. ಸಂಜೆ ಒಟ್ಟಿಗೆ ಕೂತು ಅಡುಗೆ ಮಾಡಿಕೊಳ್ಳುವ ಜಾಗ ಎಲ್ಲ ಹಾಸ್ಟೆಲಿನಲ್ಲೂ ಸಿಗುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಜೂನ್ ಮತ್ತು ಸೆಪ್ಟೆಂಬರಿನ ಮೊದಲರ್ಧ. ಜುಲೈ ಬೆಚ್ಚಗಿದ್ದರೂ ಮಳೆಯೂ ಅದೇ ತಿಂಗಳಲ್ಲಿ ಹೆಚ್ಚು, ಮಧ್ಯಾಹ್ನದ ಮೇಲೆ ಗುಡುಗು ಸಹಿತ ಸುರಿದು ಹೋಗುತ್ತದೆ. ಬೇಸಿಗೆಯ ಹಗಲಿನಲ್ಲಿ 24–25 ಡಿಗ್ರಿ ಇದ್ದರೂ ರಾತ್ರಿ 12–14ಕ್ಕೆ ಇಳಿಯುತ್ತದೆ. ಮೇ ತಿಂಗಳಲ್ಲಿ 7–8 ಡಿಗ್ರಿಯೂ ಸಾಮಾನ್ಯ. ಮೇ 1ರಿಂದ 3ರವರೆಗಿನ ಸಾಲು ರಜೆ ಮತ್ತು ಆಗಸ್ಟ್ 15ರ ಹಬ್ಬದ ಸುತ್ತಮುತ್ತ ಪೋಲೆಂಡಿನವರೇ ಶಿಬಿರ ತುಂಬಿಸುತ್ತಾರೆ, ಆಗ ಕಾಯ್ದಿರಿಸದೆ ಹೋಗಬೇಡಿ.

ಜೂನ್ ಕೊನೆಯಲ್ಲಿ ಬೆಳಗ್ಗೆ ನಾಲ್ಕೂವರೆಗೇ ಸೂರ್ಯ ಹುಟ್ಟುತ್ತಾನೆ. ತೆಳು ಬಟ್ಟೆಯ ಟೆಂಟಿನೊಳಗೆ ಐದಕ್ಕೆಲ್ಲ ಟ್ಯೂಬ್‌ಲೈಟ್ ಹಾಕಿದಂತಿರುತ್ತದೆ. ಕಣ್ಣಿಗೆ ಕಟ್ಟುವ ಪಟ್ಟಿ ಹತ್ತು ಗ್ರಾಂ ತೂಗುವುದಿಲ್ಲ, ಇಟ್ಟುಕೊಳ್ಳಿ.

ಟೆಂಟ್ ಎಲ್ಲಿ ಹಾಕುವುದು?

ಇದೊಂದನ್ನು ಸರಿಯಾಗಿ ಆರಿಸಿದರೆ ಉಳಿದದ್ದೆಲ್ಲ ಸಲೀಸು. ಊರಿನ ಹೊರಗೆ ಚೆಂದದ ಹುಲ್ಲುಗಾವಲು ಕಂಡಿತೆಂದು ಅಲ್ಲಿ ಇಳಿದುಕೊಂಡವರು ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲೇ ಕಳೆಯುತ್ತಾರೆ, ರಾತ್ರಿ ಒಂಬತ್ತಕ್ಕೇ ಗಡಿಯಾರ ನೋಡುತ್ತಾರೆ.

ನಗರದೊಳಗೇ ಇರುವ ಶಿಬಿರಗಳಲ್ಲಿ ಹೆಸರಾದವು ಎರಡು. ಪಶ್ಚಿಮಕ್ಕೆ, ಲಾಸ್ ವೋಲ್ಸ್ಕಿ ಕಾಡಿನ ಸೆರಗಿನಲ್ಲಿ ಕಮೆದುಲ್ಸ್ಕಾ ಬೀದಿಯ ಸ್ಮೊಕ್ (ಹೆಸರಿನ ಅರ್ಥ ಡ್ರ್ಯಾಗನ್), ಉತ್ತರಕ್ಕೆ ಈಜುಕೊಳದ ಪಕ್ಕದ ಕ್ಲೆಪಾರ್ದಿಯಾ. ಎರಡೂ ಹಳೇ ಪಟ್ಟಣದಿಂದ ಸುಮಾರು ನಾಲ್ಕೈದು ಕಿ.ಮೀ. ಕಾಡು, ನದಿ, ಸೈಕಲ್ ಬೇಕೆನ್ನುವವರಿಗೆ ಸ್ಮೊಕ್ ಸರಿ. ಅಲ್ಲಿಂದ ಬಸ್ಸಿನಲ್ಲಿ ಸಾಲ್ವಾತೊರ್ ಎಂಬ ಟ್ರಾಮ್ ಕೊನೆನಿಲ್ದಾಣಕ್ಕೆ ಬಂದರೆ ಮುಂದೆ ಟ್ರಾಮು ಹಳೇ ಪಟ್ಟಣದ ಅಂಚಿಗೇ ಬಿಡುತ್ತದೆ.

ಕಾಯ್ದಿರಿಸುವ ಮುನ್ನ ಶಿಬಿರಕ್ಕೆ ಈ ನಾಲ್ಕನ್ನು ಬರೆದು ಕೇಳಿ: ಆ ವರ್ಷ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ತೆರೆದಿರುತ್ತದೆ, ರಾತ್ರಿ ಎಷ್ಟು ಗಂಟೆಯ ತನಕ ಹೊಸಬರನ್ನು ಒಳಗೆ ಬಿಡುತ್ತಾರೆ, ಬಿಸಿನೀರಿಗೆ ಬೇರೆ ಟೋಕನ್ ಬೇಕೇ, ಸಾಮಾನು ಬೀಗ ಹಾಕಿಡಲು ಜಾಗವಿದೆಯೇ. ವಿಮಾನ ರಾತ್ರಿ ಹನ್ನೊಂದಕ್ಕೆ ಇಳಿಯುವುದಾದರೆ ಮೊದಲ ರಾತ್ರಿ ಮಾತ್ರ ಹಾಸ್ಟೆಲ್ ಹಿಡಿಯಿರಿ. ಕತ್ತಲಲ್ಲಿ, ಸದ್ದು ಮಾಡದೆ, ಮೊದಲ ಬಾರಿಗೆ ಟೆಂಟ್ ನಿಲ್ಲಿಸುವ ಸಾಹಸ ಬೇಡ.

ಜಾಗ ತಲುಪಿದ ಮೇಲೆ ತಗ್ಗು ಬಿಟ್ಟು ಸ್ವಲ್ಪ ಎತ್ತರ ನೋಡಿ. ದೊಡ್ಡ ಮರದ ಕೆಳಗಿನ ನೆರಳು ಆಕರ್ಷಕವೇ. ಆದರೆ ಮಳೆ ನಿಂತ ಮೇಲೂ ಅದು ಒಂದು ಗಂಟೆ ತೊಟ್ಟಿಕ್ಕುತ್ತದೆ, ಗುಡುಗು ಮಳೆಯಲ್ಲಿ ಕೊಂಬೆ ಮುರಿಯುವ ಭಯವೂ ಇದೆ.

ಬ್ವೊನ್ಯಾ ಬಯಲಿನಲ್ಲೋ ನದಿ ದಡದಲ್ಲೋ ಪುಕ್ಕಟೆ ಟೆಂಟ್ ಹಾಕಬಹುದೇ?

ಇಲ್ಲ. ಬ್ವೊನ್ಯಾ 48 ಹೆಕ್ಟೇರಿನ ಬಯಲು, ನೋಡಿದರೆ ಆಸೆಯಾಗುವುದು ಸಹಜ. ಆದರೆ ಅದು ನಗರದ ಸಾರ್ವಜನಿಕ ಜಾಗ.

ಪುಕ್ಕಟೆ ಮತ್ತು ಕಾನೂನುಬದ್ಧ ಎರಡೂ ಬೇಕಿದ್ದರೆ ರಾಜ್ಯ ಅರಣ್ಯ ಇಲಾಖೆಯ ‘ಜನೋತ್ಸುಯ್ ವ್ ಲೆಶೆ’ (ಕಾಡಿನಲ್ಲಿ ರಾತ್ರಿ ಕಳೆಯಿರಿ) ಯೋಜನೆ ಇದೆ. 2021ರ ಮೇ 1ರಂದು ಶುರುವಾಯಿತು. ದೇಶದ ಅರಣ್ಯ ವಿಭಾಗಗಳಲ್ಲಿ ಇದಕ್ಕೆಂದೇ ಗುರುತಿಸಿದ ಪ್ರದೇಶಗಳಿವೆ, ನಕ್ಷೆ ಇಲಾಖೆಯ ತಾಣದಲ್ಲಿ ಸಿಗುತ್ತದೆ. ಗರಿಷ್ಠ 9 ಜನ, ಒಂದೇ ಜಾಗದಲ್ಲಿ ಸತತ 2 ರಾತ್ರಿಯೊಳಗಾದರೆ ಯಾರಿಗೂ ಹೇಳಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ಕನಿಷ್ಠ ಎರಡು ಕೆಲಸದ ದಿನ ಮುಂಚೆ ಇಮೇಲ್ ಕಳಿಸಿ ಒಪ್ಪಿಗೆ ಪಡೆಯಬೇಕು. ಬೆಂಕಿ ಹಾಕುವುದು ಗೊತ್ತುಪಡಿಸಿದ ಕಡೆ ಮಾತ್ರ. ಗ್ಯಾಸ್ ಒಲೆಗೆ ಆಯಾ ವಿಭಾಗದ ನಿಯಮ ನೋಡಿ. ಒಣ ಬೇಸಿಗೆಯಲ್ಲಿ ಕಾಡಿಗೆ ಪ್ರವೇಶವನ್ನೇ ನಿಷೇಧಿಸುವುದುಂಟು, ಹೊರಡುವ ದಿನ ಬೆಳಗ್ಗೆ ಮತ್ತೊಮ್ಮೆ ಪರಿಶೀಲಿಸಿ. ರಾಷ್ಟ್ರೀಯ ಉದ್ಯಾನಗಳು ಈ ಯೋಜನೆಗೆ ಸೇರಿಲ್ಲ. ಕ್ರಾಕುಫ್‌ನ ಉತ್ತರಕ್ಕಿರುವ ಒಯ್ತ್ಸುಫ್ ಪೋಲೆಂಡಿನ ಅತಿ ಚಿಕ್ಕ ರಾಷ್ಟ್ರೀಯ ಉದ್ಯಾನ. ಹಗಲು ಸುತ್ತಾಡಲು ಹೋಗಿ, ಟೆಂಟ್ ಬಿಚ್ಚಲು ಬೇಡ.

ವೀಸಾಗೆ ‘ಉಳಿಯುವ ಜಾಗ’ ಎಂದು ಟೆಂಟ್ ತೋರಿಸಬಹುದೇ?

ಶಿಬಿರದ ಕಾಯ್ದಿರಿಸಿದ ಪತ್ರವೂ ವಸತಿಯ ದಾಖಲೆಯೇ. ಎಡವುವುದು ಒಂದೇ ಕಡೆ: ಒಬ್ಬ ಗೆಳೆಯನ ಹೆಸರಿನಲ್ಲಿ ಆರು ಜನರಿಗೆ ಜಾಗ ಹಿಡಿದು, ಉಳಿದ ಐವರ ಅರ್ಜಿಯಲ್ಲೂ ಅದೇ ಪತ್ರ ಲಗತ್ತಿಸುವುದು. ಪಾಸ್‌ಪೋರ್ಟಿನಲ್ಲಿರುವಂತೆ ಎಲ್ಲರ ಹೆಸರು, ದಿನಾಂಕ, ವಿಳಾಸ ಇರುವ ಪತ್ರವನ್ನು ಶಿಬಿರದಿಂದಲೇ ಬರೆಸಿಕೊಳ್ಳಿ. ಷೆಂಗೆನ್ ವೀಸಾಗೆ (ಪೋಲೆಂಡ್, ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು.

ಜರ್ಮನಿಯ ನಿವಾಸ ಪರವಾನಗಿ ಇರುವವರಿಗೆ ಬೇರೆ ವೀಸಾ ಬೇಡ, ಯಾವುದೇ 180 ದಿನಗಳಲ್ಲಿ 90 ದಿನ ಬಂದಿರಬಹುದು. ಪರವಾನಗಿ ಕಾರ್ಡಿನ ಜೊತೆಗೆ ಪಾಸ್‌ಪೋರ್ಟೂ ಕೈಯಲ್ಲಿರಲಿ. ರೈಲಿನಲ್ಲೋ ರಸ್ತೆಯಲ್ಲೋ ತಪಾಸಣೆಯಾದರೆ ಮೊಬೈಲಿನ ಫೋಟೋ ನಡೆಯುವುದಿಲ್ಲ.

ಬೆಂಗಳೂರಿನಿಂದ ಏನು ಒಯ್ಯಬಹುದು, ಏನು ಕೂಡದು?

ಬೆಂಗಳೂರಿನಿಂದ ಕ್ರಾಕುಫ್‌ಗೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ಬದಲಿಸುವುದು ವಾಡಿಕೆ. ಯುರೋಪಿನೊಳಗಿನ ಅಗ್ಗದ ವಿಮಾನವನ್ನು ಬೇರೆಯಾಗಿ ಹಿಡಿದರೆ ಚೀಲದ ತೂಕದ ಮಿತಿಯೂ ಬೇರೆ ಎಂಬುದನ್ನು ಮರೆಯಬೇಡಿ.

ಟೆಂಟಿನ ಗೂಟ, ಚಾಕು, ಸುತ್ತಿಗೆ ಚೆಕ್-ಇನ್ ಚೀಲಕ್ಕೆ. ಪವರ್ ಬ್ಯಾಂಕ್ ಕೈಚೀಲಕ್ಕೆ ಮಾತ್ರ, 100 ವ್ಯಾಟ್-ಅವರ್ ಮೀರದಿರಲಿ (ಸುಮಾರು 27,000 ಎಂಎಎಚ್). ಗ್ಯಾಸ್ ಡಬ್ಬಿ ಎರಡರಲ್ಲೂ ಇಲ್ಲ, ಅರ್ಧ ಖಾಲಿಯಾದದ್ದೂ ಇಲ್ಲ. ಒಲೆಯ ತಲೆಯನ್ನು ತೊಳೆದು ಒಣಗಿಸಿ, ಗ್ಯಾಸಿನ ವಾಸನೆ ಹೋದ ಮೇಲೆ ತುಂಬಿ. ಲೈಟರು, ಬೆಂಕಿಪೊಟ್ಟಣ ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಅಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ.

ತಿಂಡಿಯ ವಿಷಯದಲ್ಲಿ ಯುರೋಪಿಯನ್ ಒಕ್ಕೂಟದ ನಿಯಮ ಬಿಗಿ: ಹೊರದೇಶದಿಂದ ಬರುವವರು ಮಾಂಸ, ಹಾಲು ಮತ್ತು ಹಾಲಿನಿಂದಾದದ್ದು ತರುವಂತಿಲ್ಲ. ತುಪ್ಪ, ಹಾಲಿನ ಪುಡಿ, ಪೇಡ ಮನೆಯಲ್ಲೇ ಇರಲಿ. ಹಸಿ ಸೊಪ್ಪು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಹಾಗಾಗಿ ಹಸಿ ಕರಿಬೇವೂ ಇಲ್ಲ. ವಿನಾಯಿತಿ ಪಡೆದ ಐದು ಹಣ್ಣುಗಳಲ್ಲಿ ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ ಇರುವುದು ನಮ್ಮ ಪುಣ್ಯ (ಐದನೆಯದು ದುರಿಯನ್). ಚಟ್ನಿಪುಡಿ, ಸಾರಿನ ಪುಡಿ, ಎಣ್ಣೆ ಉಪ್ಪಿನಕಾಯಿ, ಅವಲಕ್ಕಿ, ಹುರಿದ ರವೆಗೆ ತಡೆಯಿಲ್ಲ.

ಅಡುಗೆಗೆ ಗ್ಯಾಸ್ ಎಲ್ಲಿ ಸಿಗುತ್ತದೆ? ಎಷ್ಟು ಬೇಕು?

ಡೆಕಥ್ಲಾನ್ ಮತ್ತು ಪರ್ವತಾರೋಹಣದ ಅಂಗಡಿಗಳಲ್ಲಿ. ತೊಂದರೆ ಸಿಗುವುದರಲ್ಲಿಲ್ಲ, ಹೊಂದುವುದರಲ್ಲಿದೆ. ಡಬ್ಬಿಗಳಲ್ಲಿ ಮೂರು ಜಾತಿ: ತಿರುಪು ಹಾಕುವ ಬಗೆ, ಒತ್ತಿ ತಿರುಗಿಸುವ ಬಗೆ, ಚುಚ್ಚಿ ಕೂರಿಸುವ ಬಗೆ. ನಿಮ್ಮ ಒಲೆ ತಿರುಪಿನದಾದರೆ ಉಳಿದೆರಡು ಕೂರುವುದೇ ಇಲ್ಲ. ಒಲೆಯ ಫೋಟೋ ತೋರಿಸುವುದಕ್ಕಿಂತ ಒಲೆಯನ್ನೇ ಅಂಗಡಿಗೆ ಒಯ್ದು ಕೂರಿಸಿ ನೋಡಿ. ಚುಚ್ಚುವ ಬಗೆಯದನ್ನು ಖಾಲಿಯಾಗುವ ಮುನ್ನ ಬಿಚ್ಚಿದರೆ ಗ್ಯಾಸೆಲ್ಲ ಹೊರಗೆ, ಅದನ್ನು ಕೊಳ್ಳದಿರುವುದೇ ಲೇಸು.

ಒಂದು ಲೀಟರ್ ನೀರು ಕುದಿಯಲು ಗಾಳಿಯಿಲ್ಲದಾಗ 10–15 ಗ್ರಾಂ ಗ್ಯಾಸ್ ಬೇಕು. 230 ಗ್ರಾಂ ಡಬ್ಬಿಯಲ್ಲಿ ಹದಿನೈದರಿಂದ ಇಪ್ಪತ್ತು ಲೀಟರ್ ಕುದಿಸಬಹುದು. ನಾಲ್ಕು ಜನರಿಗೆ ಬೆಳಗ್ಗೆ ಕಾಫಿ, ಉಪ್ಪಿಟ್ಟು, ರಾತ್ರಿ ಅನ್ನ-ಸಾರು ಎಂದರೆ ಮೂರು ದಿನಕ್ಕೆ ಎರಡು ಡಬ್ಬಿ ಇಟ್ಟುಕೊಳ್ಳಿ.

ಎರಡು ಲೀಟರಿನ ಕುಕ್ಕರ್ ಒಯ್ಯುವ ಆಸೆ ಹಲವರಿಗೆ. ಡಬ್ಬಿಯ ತಲೆಯ ಮೇಲೆಯೇ ಕೂರುವ ಸಣ್ಣ ಒಲೆಗೆ ಅದು ಬೇಡ. ಭಾರವೆಲ್ಲ ಮೇಲೆ, ಬುಡ ಅಂಗೈಯಷ್ಟು. ಸೀಟಿ ಹೊಡೆಯುವಾಗ ಯಾರಾದರೂ ಮುಟ್ಟಿದರೆ ಉರುಳುತ್ತದೆ. ಗಾಳಿಗೆ ಮರೆಯೆಂದು ತಗಡನ್ನು ಒಲೆ, ಡಬ್ಬಿ ಎರಡರ ಸುತ್ತಲೂ ಪೂರ್ತಿ ಸುತ್ತುವುದು ಇನ್ನೂ ಅಪಾಯ, ಶಾಖ ಒಳಗೇ ಉಳಿದು ಡಬ್ಬಿ ಕಾಯುತ್ತದೆ. ಮರೆ ಮೂರು ಬದಿಗೆ ಸಾಕು. ಕೈಯಿಟ್ಟು ನೋಡಿದಾಗ ಡಬ್ಬಿ ಬೆಚ್ಚಗಾಗಿದ್ದರೆ ಆರಿಸಿ. ಟೆಂಟಿನೊಳಗೆ ಒಲೆ ಹಚ್ಚಲೇಬೇಡಿ. ಬೆಂಕಿ ತಗಲುವುದಷ್ಟೇ ಅಲ್ಲ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ಕುಕ್ಕರಿಲ್ಲದೆ ಅನ್ನ ಹೇಗೆ? ಅಲ್ಲಿನ ಅಂಗಡಿಗಳಲ್ಲಿ ಅಕ್ಕಿ 100 ಗ್ರಾಮಿನ ತೂತಿನ ಚೀಲಗಳಲ್ಲಿ ಬರುತ್ತದೆ, ಚೀಲ ಸಮೇತ ಕುದಿಸಿ ಬಸಿದರಾಯಿತು. ಹಸಿದವರಿಗೆ ತಲಾ ಒಂದು ಚೀಲ. ತೊಗರಿಬೇಳೆ ಹುಡುಕಬೇಡಿ. ಕೆಂಪು ಮಸೂರ್ ಬೇಳೆ (ಸೊಚೆವಿತ್ಸಾ) ಹದಿನೈದು ನಿಮಿಷಕ್ಕೆ ಬೇಯುತ್ತದೆ, ಸಾರಿನ ಪುಡಿ ಬಿದ್ದರೆ ಊರಿನದೇ ವಾಸನೆ.

ಮಳೆಯೇ ಬಂದಿಲ್ಲ, ಆದರೂ ಬೆಳಗ್ಗೆ ಟೆಂಟಿನೊಳಗೆ ಒದ್ದೆ. ತೂತಾಗಿದೆಯೇ?

ಬಹುಮಟ್ಟಿಗೆ ಇಲ್ಲ. ನಿಮ್ಮ ಉಸಿರೇ ಅದು. ಹೊರಗೆ 12 ಡಿಗ್ರಿ ಇರುವಾಗ ಒಳಗಿನ ಬೆಚ್ಚನೆಯ ತೇವದ ಗಾಳಿ ಟೆಂಟಿನ ತಣ್ಣನೆಯ ಹೊರಬಟ್ಟೆಗೆ ತಗಲಿ ನೀರಾಗುತ್ತದೆ. ಚಳಿಯೆಂದು ಗಾಳಿಕಿಂಡಿ ಮುಚ್ಚಿದಷ್ಟೂ ಹೆಚ್ಚು. ಕಿಂಡಿ ತೆರೆದಿಡಿ, ಹೊರಬಟ್ಟೆ ಒಳಬಟ್ಟೆಗೆ ಅಂಟದಂತೆ ಹಗ್ಗ ಬಿಗಿಯಾಗಿ ಎಳೆಯಿರಿ, ಒದ್ದೆ ಬಟ್ಟೆ ಒಳಗೆ ಹರವಬೇಡಿ.

ನೆಲದಿಂದ ನೀರು ಬರುತ್ತಿದ್ದರೆ ಕೆಳಗೆ ಹಾಸಿದ ಹಾಳೆ ನೋಡಿ. ಅದು ಟೆಂಟಿನಂಚಿನಿಂದ ಹೊರಗೆ ಚಾಚಿದ್ದರೆ ಮಳೆನೀರು ಹಿಡಿದು ನಿಮ್ಮ ಕೆಳಗೇ ತಂದು ಬಿಡುತ್ತದೆ. ಸುತ್ತಲೂ ಐದು ಸೆಂ.ಮೀ. ಒಳಕ್ಕೆ ಮಡಚಿ. ಚಳಿ ಬರುವುದೂ ನೆಲದಿಂದಲೇ, ಎರಡು ರಗ್ಗು ಹೊದೆಯುವುದಕ್ಕಿಂತ ಕೆಳಗೊಂದು ಒಳ್ಳೆಯ ಹಾಸು ಮುಖ್ಯ. ಸ್ಲೀಪಿಂಗ್ ಬ್ಯಾಗ್ 5–8 ಡಿಗ್ರಿಯ ‘ಕಂಫರ್ಟ್’ ಮಟ್ಟದ್ದಿರಲಿ. ಚೀಟಿಯಲ್ಲಿ ದೊಡ್ಡದಾಗಿ ಬರೆದ ‘ಎಕ್ಸ್‌ಟ್ರೀಮ್’ ಅಂಕಿ ಬದುಕುಳಿಯುವ ಲೆಕ್ಕ, ನಿದ್ದೆಯದಲ್ಲ.

ಟ್ರಾಮು, ಬಸ್ಸಿನ ಟಿಕೆಟ್ ಹೇಗೆ?

ಟಿಕೆಟ್ ಸಮಯಕ್ಕೆ, ದೂರಕ್ಕಲ್ಲ. ಅವಧಿಯೊಳಗೆ ಎಷ್ಟು ವಾಹನ ಬದಲಿಸಿದರೂ ಸರಿ. ಕಾಗದದ ಟಿಕೆಟ್ ಕೊಂಡು ಕಿಸೆಯಲ್ಲಿಟ್ಟರೆ ಅದಕ್ಕೆ ಬೆಲೆಯಿಲ್ಲ, ಹತ್ತಿದ ಕೂಡಲೇ ಒಳಗಿನ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಪ್ರವಾಸಿಗರು ದಂಡ ಕಟ್ಟುವುದು ಹೆಚ್ಚಾಗಿ ಇದಕ್ಕೇ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲಿ ಬರುತ್ತಾರೆ, ‘ಗೊತ್ತಿರಲಿಲ್ಲ’ ಎಂದರೆ ಕೇಳುವುದಿಲ್ಲ. ದಾರಿ ಹುಡುಕಲು ಯಾಕ್‌ದೊಯಾದೆ ಆ್ಯಪ್ ಸ್ಥಳೀಯರೆಲ್ಲ ಬಳಸುತ್ತಾರೆ. ರಾತ್ರಿ ಬಸ್ಸುಗಳ ಸಂಖ್ಯೆ 6ರಿಂದ ಶುರು. ಶಿಬಿರದ ಹತ್ತಿರ ಹೋಗುವ ರಾತ್ರಿ ಬಸ್ಸು ಯಾವುದೆಂದು ಹಗಲೇ ನೋಡಿ ಬರೆದಿಟ್ಟುಕೊಳ್ಳಿ.

ವಿಮಾನ ನಿಲ್ದಾಣದಿಂದ ನಗರದ ಮುಖ್ಯ ರೈಲು ನಿಲ್ದಾಣಕ್ಕೆ ಲೋಕಲ್ ರೈಲಿದೆ, ಇಪ್ಪತ್ತು ನಿಮಿಷ ಚಿಲ್ಲರೆ. ಅದೇ ರೈಲು ಮುಂದೆ ವಿಯೆಲಿಚ್ಕಾ ಉಪ್ಪಿನ ಗಣಿಯ ಹತ್ತಿರಕ್ಕೂ ಹೋಗುತ್ತದೆ.

ಮೂರು ದಿನದಲ್ಲಿ ಏನೇನು ನೋಡಬಹುದು?

ಮೊದಲ ದಿನ ಹಳೇ ಪಟ್ಟಣ. 1257ರಲ್ಲಿ ನಕ್ಷೆ ಹಾಕಿದ ರಿನೆಕ್ ಗ್ವುವ್ನಿ ಚೌಕ ಒಂದೊಂದು ಬದಿಗೆ ಸುಮಾರು 200 ಮೀಟರ್, ನಡುವೆ ಸುಕೆನ್ನಿತ್ಸೆ ಎಂಬ ಜವಳಿ ಮಂಟಪ. ಮೂಲೆಯ ಮರಿಯಾತ್ಸ್ಕಿ ಚರ್ಚಿನ ಎತ್ತರದ ಗೋಪುರದಿಂದ ಪ್ರತಿ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ಕಹಳೆ ಊದುತ್ತಾರೆ, ರಾಗ ನಡುವೆಯೇ ಥಟ್ಟನೆ ನಿಲ್ಲುತ್ತದೆ. ಶತ್ರು ಬಂದದ್ದನ್ನು ಸಾರುತ್ತಿದ್ದ ಕಾವಲುಗಾರನ ಗಂಟಲಿಗೆ ತಾರ್ತರ ಬಾಣ ನಾಟಿತೆಂಬುದು ಊರಿನ ದಂತಕಥೆ. ಚರ್ಚಿನೊಳಗೆ ಫೈಟ್ ಸ್ಟೋಸ್ 1477ರಿಂದ 1489ರವರೆಗೆ ಕೆತ್ತಿದ ಮರದ ಬಲಿಪೀಠವಿದೆ. ಮಧ್ಯಾಹ್ನ ವಾವೆಲ್ ಕೋಟೆ. ಒಂದೇ ಟಿಕೆಟ್ಟಿಗೆ ಎಲ್ಲ ಸಿಗುವುದಿಲ್ಲ. ಒಂದೊಂದು ಪ್ರದರ್ಶನಕ್ಕೆ ಒಂದೊಂದು, ಒಳಹೋಗುವ ಸಮಯ ನಿಗದಿಯಾಗಿರುತ್ತದೆ, ಕತೀಡ್ರಲ್ಲಿನದು ಬೇರೆಯೇ. ಆರು ಜನಕ್ಕೆ ಒಂದೇ ಸಮಯ ಬೇಕೆಂದರೆ ಮುಂಚೆ ಆನ್‌ಲೈನಿನಲ್ಲಿ ಕೊಳ್ಳಿ. ಕೋಟೆಯ ಕೆಳಗೆ ನದಿ ದಡದಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಪ್ರತಿಮೆಗೆ ಟಿಕೆಟ್ಟಿಲ್ಲ.

ಎರಡನೆಯ ದಿನ ಕಜಿಮಿಯೆಷ್ ಮತ್ತು ಪೊದ್ಗುಜೆ. ಕಜಿಮಿಯೆಷ್ ಹಳೆಯ ಯಹೂದಿ ಕೇರಿ. ನದಿ ದಾಟಿದರೆ ಪೊದ್ಗುಜೆ, ನಾಜಿಗಳು ಯಹೂದಿಗಳನ್ನು ಗೋಡೆ ಕಟ್ಟಿ ಕೂಡಿಹಾಕಿದ ಜಾಗ. ಲಿಪೋವಾ ಬೀದಿಯಲ್ಲಿ, ತನ್ನ ಯಹೂದಿ ಕೆಲಸಗಾರರನ್ನು ಉಳಿಸಿದ ಷಿಂಡ್ಲರ್‌ನ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ, ಬೇಸಿಗೆಯಲ್ಲಿ ಟಿಕೆಟ್ ಬೇಗ ಮುಗಿಯುತ್ತದೆ. ಹಲವು ಸಂಗ್ರಹಾಲಯಗಳಿಗೆ ಸೋಮವಾರ ರಜೆ ಅಥವಾ ಅರ್ಧ ದಿನ.

ಮೂರನೆಯ ದಿನವನ್ನು ಶಿಬಿರದ ಸುತ್ತಲಿನ ಕಾಡಿಗೇ ಕೊಡಿ. ಸ್ಮೊಕ್‌ನಿಂದ ಲಾಸ್ ವೋಲ್ಸ್ಕಿ ಹತ್ತಿ ಪಿವ್ಸುದ್ಸ್ಕಿ ದಿಬ್ಬ, ಅಥವಾ ಬಾಡಿಗೆ ಸೈಕಲಿನಲ್ಲಿ ವಿಸ್ಟುಲಾ ದಂಡೆಯ ದಾರಿ ಹಿಡಿದು ತಿನ್ಯೆತ್ಸ್‌ನ ಬೆನೆಡಿಕ್ಟೈನ್ ಮಠ. ಸೆಕೆಯಾದರೆ ಜಕ್ಷುವೆಕ್: ಹಳೆಯ ಸುಣ್ಣಕಲ್ಲಿನ ಕ್ವಾರಿ, 2023ರಿಂದ ತೇಲುವ ಈಜುಕೊಳಗಳಿವೆ. ಕ್ವಾರಿಯ ನೀರು ತೀರ ಆಳ, ಕೊಳದ ಹೊರಗೆ ಬಂಡೆಯಿಂದ ಹಾರುವ ಹುಚ್ಚು ಬೇಡ.

ವಿಯೆಲಿಚ್ಕಾ ಗಣಿಗೆ ವಿಶೇಷ ತಯಾರಿ ಬೇಕೇ?

ಸ್ವೆಟರ್ ಮತ್ತು ಮಂಡಿ. ಒಳಗೆ ವರ್ಷವಿಡೀ 17–18 ಡಿಗ್ರಿ. ಪ್ರವಾಸಿ ಮಾರ್ಗ ಸುಮಾರು 3 ಕಿ.ಮೀ., 800 ಮೆಟ್ಟಿಲು, ಅದರಲ್ಲಿ 380 ಶುರುವಿನಲ್ಲೇ ಇಳಿಯಬೇಕು. 135 ಮೀಟರ್ ಆಳದವರೆಗೆ ಇಳಿದು ಲಿಫ್ಟಿನಲ್ಲಿ ಮೇಲೆ ಬರುತ್ತೀರಿ. ಮಾರ್ಗದರ್ಶಕರಿಲ್ಲದೆ ಬಿಡುವುದಿಲ್ಲ, ಇಂಗ್ಲಿಷ್ ಗುಂಪಿನ ಸಮಯ ನೋಡಿ ಕೊಳ್ಳಿ. 101 ಮೀಟರ್ ಆಳದಲ್ಲಿರುವ ಸಂತ ಕಿಂಗಾ ಗುಡಿಯಲ್ಲಿ ದೀಪಗೊಂಚಲಿನ ಹರಳೂ ಉಪ್ಪೇ. ಗಣಿಯೂ ಹಳೇ ಪಟ್ಟಣವೂ 1978ರಲ್ಲಿ, ಯುನೆಸ್ಕೊ ವಿಶ್ವ ಪರಂಪರೆಯ ಮೊದಲ ಪಟ್ಟಿಯಲ್ಲೇ ಸೇರಿದವು.

ಆಷ್‌ವಿಟ್ಸ್‌ಗೆ ಅಲ್ಲಿಂದಲೇ ಹೋಗಬಹುದೇ?

ಹೋಗಬಹುದು. ಒಶ್ವಿಯೆಂಚಿಮ್ (ಆಷ್‌ವಿಟ್ಸ್‌ನ ಪೋಲಿಷ್ ಹೆಸರು) ಪಶ್ಚಿಮಕ್ಕೆ ಸುಮಾರು 70 ಕಿ.ಮೀ. ಪ್ರವೇಶಕ್ಕೆ ಹಣವಿಲ್ಲ, ಆದರೆ ಸ್ಮಾರಕದ ಅಧಿಕೃತ ತಾಣದಲ್ಲಿ ಹೆಸರು, ಸಮಯ ಕಾಯ್ದಿರಿಸಬೇಕು. ಮಾರ್ಗದರ್ಶಕರಿಗೆ ಶುಲ್ಕ ಬೇರೆ. ಗುರುತಿನ ಚೀಟಿ ಒಯ್ಯಿರಿ. ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಹಾಗಾಗಿ ಶಿಬಿರ ಖಾಲಿ ಮಾಡಿ ಹೊರಡುವ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ನಾಜಿಗಳು ಸುಮಾರು 11 ಲಕ್ಷ ಜನರನ್ನು ಕೊಂದ ಜಾಗ. ಅದೇ ದಿನ ಸಂಜೆಗೆ ಬೇರೆ ಮೋಜಿನ ಕಾರ್ಯಕ್ರಮ ಹಾಕಿಕೊಳ್ಳದಿದ್ದರೆ ಒಳ್ಳೆಯದು.

ಸಸ್ಯಾಹಾರಿಗಳು ಏನು ತಿನ್ನಬೇಕು?

ಬೇಕಾದಷ್ಟಿದೆ, ಕಣ್ಣಿಗೆ ಕಾಣದ ಹಂದಿಕೊಬ್ಬಿನ ಬಗ್ಗೆ ಎಚ್ಚರವಿದ್ದರೆ. ಪ್ಯೆರೊಗಿ ರುಸ್ಕ್ಯೆ ಎಂದರೆ ಆಲೂಗಡ್ಡೆ ಮತ್ತು ತ್ವಾರುಗ್ ಎಂಬ ಗಿಣ್ಣಿನಂಥ ಚೀಸು ತುಂಬಿದ ಕಡುಬು. ಒಳಗೆ ಮಾಂಸವಿಲ್ಲ. ಮೇಲೆ ಮಾತ್ರ ಹುರಿದ ಈರುಳ್ಳಿಯ ಜೊತೆ ‘ಸ್ಕ್ವಾರ್ಕಿ’, ಅಂದರೆ ಹಂದಿಕೊಬ್ಬಿನ ಚೂರು, ಉದುರಿಸುವುದುಂಟು. ‘ಬೆಸ್ ಸ್ಕ್ವಾರೆಕ್’ ಎಂದು ಮೊದಲೇ ಹೇಳಿ. ಜುರೆಕ್ ಸಾರಿನಲ್ಲಿ ಸಾಸೇಜ್ ಇರುತ್ತದೆ, ಬೀಟ್‌ರೂಟಿನ ಬಾರ್ಷ್ಚ್ ಅನ್ನು ಮಾಂಸದ ನೀರಿನಲ್ಲಿ ಮಾಡಿರಬಹುದು, ಬ್ರೆಡ್ಡಿನ ಜೊತೆ ಬರುವ ಬಿಳಿ ‘ಸ್ಮಾಲೆತ್ಸ್’ ಬೆಣ್ಣೆಯಲ್ಲ, ಕೊಬ್ಬು. ನಂಬಬಹುದಾದವು: ಪ್ಲಾತ್ಸ್ಕಿ (ಆಲೂಗಡ್ಡೆ ದೋಸೆ ಎನ್ನಿ), ಚೀಸಿನ ನಲೆಶ್ನಿಕಿ (ಮೈದಾದ ತೆಳು ದೋಸೆ), ಕಜಿಮಿಯೆಷ್‌ನ ಪ್ಲಾತ್ಸ್ ನೋವಿ ಚೌಕದಲ್ಲಿ ಅಣಬೆ-ಚೀಸು ಹಾಕಿದ ಉದ್ದನೆಯ ಬ್ರೆಡ್ ಟೋಸ್ಟು ಜಪಿಯೆಕಾಂಕಾ, ಬೀದಿ ಗಾಡಿಯ ಬಳೆಯಾಕಾರದ ಬ್ರೆಡ್ಡು ಒಬ್ವಜಾನೆಕ್. ಮಶ್ಲಾಂಕಾ ಎಂಬುದು ಮಜ್ಜಿಗೆಯೇ. ಬಿಳಿ ಮೊಸರು ಕೊಂಡು ಮೊಸರನ್ನ ಕಲೆಸುವವರಿಗೂ ತೊಂದರೆಯಿಲ್ಲ.

ಅಗ್ಗದ ಊಟಕ್ಕೆ ‘ಬಾರ್ ಮ್ಲೆಚ್ನಿ’. ಹೆಸರಲ್ಲಿ ಬಾರ್ ಇದ್ದರೂ ಹಾಲಿನ ಅಂಗಡಿಯಿಂದ ಬೆಳೆದ ಊಟದ ಮನೆ. ಕೌಂಟರಿನಲ್ಲಿ ಹಣ ಕೊಟ್ಟು, ತಟ್ಟೆ ತಂದು, ತಿಂದ ಮೇಲೆ ತಟ್ಟೆ ವಾಪಸಿಡಬೇಕು. ಸಂಜೆಗೆ ಬೇಗ ಮುಚ್ಚುತ್ತವೆ.

ಭಾನುವಾರ ಅಂಗಡಿ ತೆರೆದಿರುತ್ತವೆಯೇ?

ವರ್ಷದ ಕೆಲವೇ ಭಾನುವಾರ ಬಿಟ್ಟರೆ ದೊಡ್ಡ ಅಂಗಡಿಗಳೆಲ್ಲ ಬಂದ್. ಹಸಿರು ಫಲಕದ ಸಣ್ಣ ಜಾಬ್ಕಾ ಅಂಗಡಿಗಳು ಸಾಮಾನ್ಯವಾಗಿ ತೆರೆದಿರುತ್ತವೆ. ಅಕ್ಕಿ, ಗ್ಯಾಸ್, ತರಕಾರಿ ಶನಿವಾರವೇ ತಂದಿಡಿ.

ರಾತ್ರಿ ಗದ್ದಲ, ಬಿಯರು?

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಶ್ಶಬ್ದದ ಹೊತ್ತು. ಶಿಬಿರದವರು ಇದರಲ್ಲಿ ರಿಯಾಯಿತಿ ತೋರುವುದಿಲ್ಲ, ಟೆಂಟಿಗೆ ಗೋಡೆಯಿಲ್ಲವೆಂಬುದು ಗುಂಪಿಗೆ ಮರೆತೇ ಹೋಗುತ್ತದೆ. ಬೀದಿ, ಪಾರ್ಕುಗಳಲ್ಲಿ ಮದ್ಯ ಕುಡಿದರೆ ದಂಡ. 2023ರ ಜುಲೈನಿಂದ ಕ್ರಾಕುಫ್‌ನ ಅಂಗಡಿಗಳಲ್ಲಿ ಮಧ್ಯರಾತ್ರಿಯಿಂದ ಬೆಳಗ್ಗೆ 5:30ರವರೆಗೆ ಮದ್ಯ ಮಾರುವಂತಿಲ್ಲ. ಕಾರು ಓಡಿಸುವವರಿಗೆ ರಕ್ತದಲ್ಲಿನ ಮಿತಿ ಶೇ. 0.02, ಅಂದರೆ ಒಂದು ಬಿಯರೂ ಬೇಡ. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು.

ಕಾಡಿನ ಪಕ್ಕ ಎಂದಿರಿ. ಹುಳ, ಪ್ರಾಣಿ?

ಕಾಡುಹಂದಿ ಬರುವುದುಂಟು, ತಿಂಡಿಯನ್ನು ಮುಚ್ಚಿದ ಡಬ್ಬಿಯಲ್ಲಿಡಿ. ನಿಜವಾದ ಚಿಂತೆ ಉಣುಗು. ಮಲೆನಾಡಿನವರಿಗೆ ಇದು ಹೊಸದಲ್ಲ: ಮಂಗನ ಕಾಯಿಲೆಯ ವೈರಸ್ಸೂ ಅಲ್ಲಿನ ಉಣುಗು ಹರಡುವ ಮೆದುಳುಜ್ವರದ ವೈರಸ್ಸೂ ಒಂದೇ ಕುಟುಂಬದವು. ಆ ಮೆದುಳುಜ್ವರಕ್ಕೆ ಲಸಿಕೆ ಇದೆ, ಕಾಡಿನಲ್ಲಿ ಹೆಚ್ಚು ದಿನ ಇರುವವರು ವೈದ್ಯರನ್ನು ಕೇಳಿ. ಉಣುಗಿನಿಂದಲೇ ಬರುವ ಲೈಮ್ ಕಾಯಿಲೆಗೆ ಎಚ್ಚರವೇ ಮದ್ದು. ಸಂಜೆ ಸ್ನಾನದ ಹೊತ್ತಿಗೆ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕೂದಲಂಚು ನೋಡಿಕೊಳ್ಳಿ. ಕಚ್ಚಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ, ಸುಣ್ಣ ಯಾವುದೂ ಬೇಡ. ಮುಂದಿನ ವಾರಗಳಲ್ಲಿ ಕಚ್ಚಿದ ಸುತ್ತ ಕೆಂಪು ಉಂಗುರ ಹರಡಿದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ, ಪೋಲೆಂಡಿನಲ್ಲಿ ಉಣುಗು ಕಚ್ಚಿದ್ದನ್ನು ಹೇಳಿ.

ಹಣ, ಚಾರ್ಜರು, ಶೌಚಾಲಯ: ಚಿಲ್ಲರೆ ವಿಷಯಗಳೇನಾದರೂ?

ನಾಣ್ಯ ಜ್ವಾತಿ, ಯೂರೋ ಅಲ್ಲ. ಎಟಿಎಂ ಅಥವಾ ಅಂಗಡಿಯ ಯಂತ್ರ ‘ನಿಮ್ಮ ಕರೆನ್ಸಿಯಲ್ಲಿ ಕಡಿತ ಮಾಡಲೇ’ ಎಂದು ಕೇಳಿದರೆ ಬೇಡ ಎನ್ನಿ, ಜ್ವಾತಿಯನ್ನೇ ಆರಿಸಿ. ಇಲ್ಲದಿದ್ದರೆ ದರದಲ್ಲಿ ಕೈಕಚ್ಚುತ್ತದೆ. ಹೋಟೆಲಿನಲ್ಲಿ ನೋಟು ಕೊಡುವಾಗ ‘ಜೆಂಕುಯೆ’ (ಧನ್ಯವಾದ) ಎಂದರೆ ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದರ್ಥ. ಚಿಲ್ಲರೆ ಕೈಗೆ ಬಂದ ಮೇಲೆ ಹೇಳಿ.

ವಿದ್ಯುತ್ 230 ವೋಲ್ಟ್. ನಮ್ಮ ಮೂರು ಪಿನ್ನಿನ ಪ್ಲಗ್ ಹಿಡಿಯುವುದಿಲ್ಲ. ಟೆಂಟಿನ ಪಕ್ಕದ ಕಂಬದಲ್ಲಿರುವುದು ಕ್ಯಾರವಾನ್‌ಗಳ ದಪ್ಪ ನೀಲಿ ಸಾಕೆಟ್ಟು, ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಕಚೇರಿಯಲ್ಲಿ ಕೇಳಿ ನೋಡಿ.

ಶೌಚಾಲಯದ ಬಾಗಿಲ ಮೇಲೆ ವೃತ್ತ ಇದ್ದರೆ ಹೆಂಗಸರದು, ತ್ರಿಕೋನ ಇದ್ದರೆ ಗಂಡಸರದು. ನಲ್ಲಿ ನೀರು ಕುಡಿಯಬಹುದು. 2025ರ ಅಕ್ಟೋಬರ್‌ನಿಂದ ಠೇವಣಿ ಗುರುತಿರುವ ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳ ಮೇಲೆ ತಲಾ ಅರ್ಧ ಜ್ವಾತಿ ಮೊದಲೇ ಹಿಡಿಯುತ್ತಾರೆ. ಜಜ್ಜದೆ ದೊಡ್ಡ ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿದರೆ ಹಣ ವಾಪಸ್, ಜಜ್ಜಿದರೆ ಯಂತ್ರ ಒಪ್ಪುವುದಿಲ್ಲ. ತುರ್ತಿಗೆ 112.

ಹೊರಡುವ ದಿನ ಟೆಂಟ್ ಒದ್ದೆಯಿದ್ದರೆ?

ಅಲುಗಾಡಿಸಿ ನೀರು ಉದುರಿಸಿ, ಒಳಬಟ್ಟೆಯನ್ನೂ ಹೊರಬಟ್ಟೆಯನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಒದ್ದೆ ಟೆಂಟ್ ಅರ್ಧ, ಒಂದು ಕಿಲೋ ಹೆಚ್ಚು ತೂಗುತ್ತದೆ, ವಿಮಾನದ ತೂಕಕ್ಕೆ ಅಷ್ಟು ಜಾಗ ಬಿಡಿ. ಬೂಟು, ಗೂಟದ ಮಣ್ಣು ಅಲ್ಲೇ ತೊಳೆಯಿರಿ. ಉಳಿದ ಗ್ಯಾಸ್ ಡಬ್ಬಿಯನ್ನು ಕಸಕ್ಕೆ ಎಸೆಯದೆ ಶಿಬಿರದ ಕಚೇರಿಯಲ್ಲೋ ಪಕ್ಕದ ಟೆಂಟಿನವರಿಗೋ ಕೊಡಿ. ಮನೆ ತಲುಪಿದ ದಿನವೇ ನೆರಳಿನಲ್ಲಿ ಹರವಿ, ಎರಡು ದಿನ ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿದ ವಾಸನೆ ಮತ್ತೆ ಹೋಗುವುದಿಲ್ಲ.